ಜೇನು ಸಾಕಣೆಯಲ್ಲಿ ಚಳಿಗಾಲದ ಉಪಕರಣ ಸಿದ್ಧತೆ

ಚಳಿಗಾಲದ ಉಪಕರಣ ಸಿದ್ಧತೆ ಎಂಬುದು ಶೀತ ಮತ್ತು ಸಮಶೀತೋಷ್ಣ ದೇಶಗಳ ಜೇನು ಕೃಷಿಕರು ನವೆಂಬರ್‌ನಿಂದ ಮಾರ್ಚ್‌ವರೆಗಿನ ಬಿಡುವಿನ ತಿಂಗಳುಗಳಲ್ಲಿ ಪೆಟ್ಟಿಗೆ, ಚೌಕಟ್ಟು, ಮೇಣದ ಹಾಳೆ ಮೊದಲಾದ ಸಲಕರಣೆಗಳನ್ನು ಮುಂಬರುವ ವಸಂತಕ್ಕಾಗಿ ತಯಾರಿಸುವ, ದುರಸ್ತಿ ಮಾಡುವ ಹಾಗೂ ಶುಚಿಗೊಳಿಸುವ ಕೆಲಸವಾಗಿದೆ. ಯುರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ಇದು ಜೇನು ಸಾಕಣೆಯ ವಾರ್ಷಿಕ ಚಕ್ರದ ಅವಿಭಾಜ್ಯ ಭಾಗವೆನಿಸಿದೆ. ಮೇಲ್ನೋಟಕ್ಕೆ ಬಡಗಿ ಕೆಲಸದಂತೆ ಕಂಡರೂ ಇದರ ಅಳತೆಗಳನ್ನು ನಿರ್ಧರಿಸುವುದು ಜೇನ್ನೊಣದ ಸ್ವಭಾವ; ಇದರ ಶುಚಿತ್ವದ ನಿಯಮಗಳನ್ನು ನಿರ್ಧರಿಸುವುದು ಜೇನ್ನೊಣದ ರೋಗಗಳು.

ಕಾಲದ ಲೆಕ್ಕಾಚಾರ

ಜೇನ್ನೊಣಗಳು ಚಳಿಗಾಲದಲ್ಲಿ ದೀರ್ಘನಿದ್ರೆಗೆ ಜಾರುವುದಿಲ್ಲ. ಹೊರಗಿನ ಉಷ್ಣತೆ ಇಳಿದಂತೆ ಅವು ಎರಿಗಳ ನಡುವೆ ಒತ್ತಾಗಿ ಗುಂಪುಗೂಡಿ, ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಶಾಖ ಹುಟ್ಟಿಸುತ್ತಾ, ಕೂಡಿಟ್ಟ ಜೇನನ್ನು ತಿಂದು ಬದುಕುತ್ತವೆ. ಆ ಅವಧಿಯಲ್ಲಿ ಪೆಟ್ಟಿಗೆಯನ್ನು ತೆರೆದರೆ ಗುಂಪು ಚದುರಿ ಶಾಖ ನಷ್ಟವಾಗುವುದರಿಂದ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿರುವಾಗ ಕುಟುಂಬವನ್ನು ಬಿಚ್ಚಿ ನೋಡುವುದು ವಾಡಿಕೆಯಲ್ಲ. ಹೀಗೆ ಜೇನುತೋಟದಲ್ಲಿ ಮಾಡಬೇಕಾದ ಕೆಲಸ ಕಡಿಮೆಯಾಗಿ, ಕೃಷಿಕನ ಕೈಗೆ ಮೂರು ನಾಲ್ಕು ತಿಂಗಳ ಬಿಡುವು ಸಿಗುತ್ತದೆ.

ವಸಂತದಲ್ಲಿ ಈ ಸ್ಥಿತಿ ಪೂರ್ತಿ ತಿರುಗಿಬೀಳುತ್ತದೆ. ಹೂವು ಅರಳಿ ಪರಾಗ ದೊರೆಯತೊಡಗಿದಂತೆ ರಾಣಿಯ ಮೊಟ್ಟೆಯಿಡುವ ವೇಗ ಏರುತ್ತದೆ, ಕುಟುಂಬ ಕೆಲವೇ ವಾರಗಳಲ್ಲಿ ಹಲವು ಪಟ್ಟು ಬೆಳೆಯುತ್ತದೆ. ಸ್ಥಳ ಸಾಲದಾದಾಗ ಅದು ಪಾಲಾಗಲು, ಅಂದರೆ ಹಳೆಯ ರಾಣಿಯೊಂದಿಗೆ ಅರ್ಧಕ್ಕೂ ಹೆಚ್ಚು ಕೆಲಸಗಾರ ನೊಣಗಳು ಗೂಡು ಬಿಟ್ಟು ಹೊರಡಲು, ಅಣಿಯಾಗುತ್ತದೆ. ಅದರ ಮುನ್ಸೂಚನೆಯೇ ರಾಣಿಕೋಶ. ಅದರಲ್ಲಿ ಮೊಟ್ಟೆಯಿಟ್ಟ ಮೂರನೆಯ ದಿನಕ್ಕೆ ಮರಿಹುಳು ಹೊರಬರುತ್ತದೆ. ಎಂಟು ಒಂಬತ್ತು ದಿನಗಳಲ್ಲಿ ಕೋಶದ ಬಾಯಿ ಮುಚ್ಚುತ್ತದೆ. ಹವೆ ಅನುಕೂಲವಾಗಿದ್ದರೆ ಬಹುತೇಕ ಆ ಹೊತ್ತಿಗೆ ಪಾಲು ಹೊರಟುಹೋಗುತ್ತದೆ. ಹೊಸ ರಾಣಿ ಹೊರಬರುವುದು ಹದಿನಾರನೆಯ ದಿನದ ಸುಮಾರಿಗೆ. ಎಂದರೆ ರಾಣಿಕೋಶವನ್ನು ಕಂಡ ದಿನದಿಂದ ಕೃಷಿಕನಿಗೆ ಉಳಿಯುವುದು ಹೆಚ್ಚೆಂದರೆ ಒಂದು ವಾರ. ಕೃತಕವಾಗಿ ಕುಟುಂಬವನ್ನು ವಿಭಾಗಿಸಿ ಪಾಲನ್ನು ತಡೆಯಬೇಕಾದರೆ ತಳಹಲಗೆ, ಸಂಸಾರ ಕೋಣೆ, ಮೇಣದ ಹಾಳೆ ಕೂರಿಸಿದ ಚೌಕಟ್ಟುಗಳು ಮತ್ತು ಮುಚ್ಚಳ ಇರುವ ಇನ್ನೊಂದು ಪೂರ್ಣ ಪೆಟ್ಟಿಗೆ ಆ ದಿನವೇ ಕೈಯಲ್ಲಿರಬೇಕು. ಅಂಟು ಒಣಗಿ ಬಣ್ಣದ ವಾಸನೆ ಹೋಗುವುದಕ್ಕೇ ಆ ವಾರ ಸಾಲುವುದಿಲ್ಲ. ಸಲಕರಣೆಯ ಕೆಲಸವನ್ನು ಚಳಿಗಾಲದಲ್ಲೇ ಮುಗಿಸಬೇಕೆನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಹಿನ್ನೆಲೆ

ಚಲಿಸುವ ಚೌಕಟ್ಟಿನ ಪೆಟ್ಟಿಗೆ ಬರುವ ಮೊದಲೂ ಚಳಿಗಾಲ ಸಲಕರಣೆಯ ಕಾಲವೇ ಆಗಿತ್ತು. ಉತ್ತರ ಯುರೋಪಿನ ರೈತರು ರೈ ಧಾನ್ಯದ ಹುಲ್ಲನ್ನು ಹಗ್ಗದಂತೆ ಸುತ್ತಿ, ಸೀಳಿದ ಮುಳ್ಳುಬಳ್ಳಿಯಿಂದ ಹೊಲಿದು, ಬೋರಲು ಬುಟ್ಟಿಯ ಆಕಾರದ ಗೂಡುಗಳನ್ನು ಒಲೆಯ ಬಳಿ ಕುಳಿತು ಹೆಣೆಯುತ್ತಿದ್ದರು. ಜರ್ಮನಿಯ ಲ್ಯೂನೆಬರ್ಗ್ ಬಯಲುಸೀಮೆಯಲ್ಲಿ ಈ ಪದ್ಧತಿ ಬಹುಕಾಲ ಉಳಿದುಬಂದಿತು. ಅಂತಹ ಗೂಡಿಗೆ ನಿಖರ ಅಳತೆಯ ಹಂಗಿರಲಿಲ್ಲ, ಏಕೆಂದರೆ ಎರಿಗಳು ಗೂಡಿನ ಒಳಮೈಗೇ ಅಂಟಿಕೊಂಡಿದ್ದು, ಜೇನು ತೆಗೆಯುವಾಗ ಅವನ್ನು ಕತ್ತರಿಸಲೇಬೇಕಾಗಿತ್ತು.

ಅಮೆರಿಕದ ಫಿಲಡೆಲ್ಫಿಯಾದ ಪಾದ್ರಿ ಲೊರೆಂಜೊ ಲೊರೇನ್ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ರೂಪಿಸಿದ ಪೆಟ್ಟಿಗೆ ಈ ಸ್ಥಿತಿಯನ್ನು ಬದಲಿಸಿತು. ಮುಚ್ಚಳ ಮತ್ತು ಎರಿಪಟ್ಟಿಗಳ ನಡುವೆ ನಿರ್ದಿಷ್ಟ ಪ್ರಮಾಣದ ತೆರಪು ಬಿಟ್ಟರೆ ನೊಣಗಳು ಅದನ್ನು ಮುಚ್ಚದೆ ಓಡಾಟದ ದಾರಿಯಾಗಿ ಉಳಿಸಿಕೊಳ್ಳುತ್ತವೆ ಎಂಬುದನ್ನು ಗಮನಿಸಿದ ಆತ, ಅದೇ ತೆರಪನ್ನು ಚೌಕಟ್ಟಿನ ಎಲ್ಲ ಬದಿಗಳಿಗೂ ವಿಸ್ತರಿಸಿದ. 1852ರ ಅಕ್ಟೋಬರ್ 5ರಂದು ಇದಕ್ಕೆ ಪೇಟೆಂಟ್ ದೊರೆಯಿತು. ಆತನ ಮೊದಲ ಪೆಟ್ಟಿಗೆಗಳನ್ನು ಮಾಡಿಕೊಟ್ಟವನು ಹೆನ್ರಿ ಬೋರ್ಕಿನ್ ಎಂಬ ಪೀಠೋಪಕರಣದ ಬಡಗಿ ಎಂಬುದು ಈ ಲೇಖನದ ವಿಷಯಕ್ಕೆ ಒಪ್ಪುವ ಸಂಗತಿ. 1857ರಲ್ಲಿ ಜರ್ಮನಿಯ ಯೋಹಾನ್ನೆಸ್ ಮೆಹ್ರಿಂಗ್ ಮೇಣದ ಹಾಳೆ ಒತ್ತುವ ಅಚ್ಚನ್ನೂ, 1865ರಲ್ಲಿ ಫ್ರಾಂಜ್ ಹ್ರುಷ್ಕಾ ಎರಿ ಒಡೆಯದಂತೆ ಜೇನು ತೆಗೆಯುವ ತಿರುಗು ಯಂತ್ರವನ್ನೂ ರೂಪಿಸಿದ ಬಳಿಕ ಒಂದೇ ಎರಿಯನ್ನು ವರ್ಷವರ್ಷವೂ ಬಳಸುವುದು ಸಾಧ್ಯವಾಯಿತು. ಕಾಪಿಡಬೇಕಾದ, ರಿಪೇರಿ ಮಾಡಬೇಕಾದ ಸಾಮಗ್ರಿಯೂ ಅಂದಿನಿಂದಲೇ ಹೆಚ್ಚಿತು.

ಜೇನ್ನೊಣದ ಅಂತರ ಮತ್ತು ಅಳತೆ

ಮೇಲೆ ಹೇಳಿದ ತೆರಪಿಗೆ ಜೇನ್ನೊಣದ ಅಂತರ ಎಂದು ಹೆಸರು. ಇದು 6ರಿಂದ 9 ಮಿ.ಮೀ. ಇರುತ್ತದೆ. ಇದಕ್ಕಿಂತ ಕಿರಿದಾದ ಸಂದನ್ನು ನೊಣಗಳು ಮರದ ಅಂಟಿನಿಂದ ತಯಾರಿಸುವ ಪ್ರೊಪೊಲಿಸ್‌ನಿಂದ ಬೆಸೆದುಬಿಡುತ್ತವೆ. ಇದಕ್ಕಿಂತ ಅಗಲವಾದ ಜಾಗದಲ್ಲಿ ಅಡ್ಡಾದಿಡ್ಡಿ ಎರಿ ಕಟ್ಟುತ್ತವೆ. ಎರಡೂ ಸಂದರ್ಭಗಳಲ್ಲಿ ಚೌಕಟ್ಟನ್ನು ಮೇಲೆತ್ತಲು ಬಲಪ್ರಯೋಗ ಬೇಕಾಗುತ್ತದೆ, ನೊಣಗಳು ಜಜ್ಜಿಹೋಗುತ್ತವೆ, ಕೆಲವೊಮ್ಮೆ ರಾಣಿಯೇ ಸಾಯುತ್ತದೆ. ಕಾರ್ಯಾಗಾರದಲ್ಲಿ ಆದ ಮೂರು ಮಿಲಿಮೀಟರಿನ ತಪ್ಪು ಜೂನ್ ತಿಂಗಳಲ್ಲಿ ಈ ರೂಪದಲ್ಲಿ ಪ್ರಕಟವಾಗುತ್ತದೆ.

ಹತ್ತು ಚೌಕಟ್ಟಿನ ಲ್ಯಾಂಗ್‌ಸ್ಟ್ರಾತ್ ಸಂಸಾರ ಕೋಣೆಯ ಒಳ ಉದ್ದ 467 ಮಿ.ಮೀ., ಒಳ ಅಗಲ 375 ಮಿ.ಮೀ., ಎತ್ತರ 244 ಮಿ.ಮೀ.; ಹಲಗೆಯ ದಪ್ಪ 19 ಮಿ.ಮೀ. ಚೌಕಟ್ಟಿನ ಹೊರ ಉದ್ದ 448 ಮಿ.ಮೀ. ಆಗಿರುವುದರಿಂದ ಎರಡೂ ತುದಿಗಳಲ್ಲಿ ತಲಾ ಒಂಬತ್ತೂವರೆ ಮಿ.ಮೀ. ತೆರಪು ಉಳಿಯುತ್ತದೆ. ಒಂದು ಚೌಕಟ್ಟಿನ ಮಧ್ಯದಿಂದ ಮತ್ತೊಂದರ ಮಧ್ಯಕ್ಕೆ 35 ಮಿ.ಮೀ. ಬೇಕು. ಹತ್ತಕ್ಕೆ 350 ಆಗಿ, ಪಕ್ಕದಲ್ಲಿ ಉಳಿಯುವ 25 ಮಿ.ಮೀ. ಮೊದಲ ಚೌಕಟ್ಟನ್ನು ಸರಿಸಿ ಎತ್ತಲು ಅನುಕೂಲ ಮಾಡಿಕೊಡುತ್ತದೆ.

ಅಳತೆ ಕೆಡುವುದು ಹೆಚ್ಚಾಗಿ ಎತ್ತರದಲ್ಲಿ. ಮರ ಒಣಗುವಾಗ ಎಳೆಯ ಉದ್ದಕ್ಕೆ ಬಹುಮಟ್ಟಿಗೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಪೆಟ್ಟಿಗೆಯ ಎತ್ತರವೆಂದರೆ ಹಲಗೆಯ ಅಡ್ಡ ಅಳತೆ. ಸರಿಯಾಗಿ ಒಣಗದ ಪೈನ್ ಹಲಗೆಯಿಂದ 244 ಮಿ.ಮೀ. ಎತ್ತರದ ಪೆಟ್ಟಿಗೆ ಮಾಡಿದರೆ ಬೇಸಿಗೆಯ ವೇಳೆಗೆ ಅದು ಎರಡು ಮೂರು ಮಿಲಿಮೀಟರಿನಷ್ಟು ಕುಗ್ಗಬಹುದು. ಚೌಕಟ್ಟಿನ ಎತ್ತರ 232 ಮಿ.ಮೀ. ಇರುವುದರಿಂದ ಮೇಲಿನ ಮತ್ತು ಕೆಳಗಿನ ಕೋಣೆಗಳ ಚೌಕಟ್ಟುಗಳ ನಡುವೆ ಇದ್ದ ತೆರಪೇ 12 ಮಿ.ಮೀ.; ಅದರ ಕಾಲುಭಾಗ ಇಲ್ಲವಾದಂತಾಯಿತು. ಆದ್ದರಿಂದ ಅನುಭವಿಗಳು ಹಲಗೆಯನ್ನು ಶರತ್ಕಾಲದಲ್ಲೇ ತಂದು, ಕಾರ್ಯಾಗಾರದೊಳಗೆ ಗಾಳಿಯಾಡುವಂತೆ ಅಡರಿಟ್ಟು, ಕೆಲವು ವಾರ ಬಿಟ್ಟ ನಂತರವೇ ಕೊಯ್ಯುತ್ತಾರೆ.

ವಿವಿಧ ಮಾದರಿಗಳನ್ನು ಬೆರೆಸುವುದರಿಂದಲೂ ಇದೇ ತೊಡಕು ಹುಟ್ಟುತ್ತದೆ. ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯಲ್ಲಿ ಅಂತರವಿರುವುದು ಚೌಕಟ್ಟುಗಳ ಮೇಲ್ಭಾಗದಲ್ಲಿ. ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ, 460 ಮಿ.ಮೀ. ಚೌಕದ ನ್ಯಾಷನಲ್ ಪೆಟ್ಟಿಗೆಯಲ್ಲಿ ಅದು ಸಾಮಾನ್ಯವಾಗಿ ಕೆಳಭಾಗದಲ್ಲಿರುತ್ತದೆ. ಮೇಲಂತರದ ಕೋಣೆಯ ಮೇಲೆ ಕೆಳಂತರದ ಕೋಣೆ ಇಟ್ಟರೆ ತೆರಪು ಇಮ್ಮಡಿಯಾಗುತ್ತದೆ. ತಿರುಗಿಸಿಟ್ಟರೆ ಪೂರ್ತಿ ಇಲ್ಲವಾಗುತ್ತದೆ. ಒಂದು ಜೇನುತೋಟಕ್ಕೆ ಒಂದೇ ಮಾದರಿ ಎಂಬ ನಿಯಮವನ್ನು ಹೊಸಬರು ಮೊದಲ ಚಳಿಗಾಲದಲ್ಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ನಂತರ ಬದಲಾಯಿಸುವುದು ದುಬಾರಿ.

ಪೆಟ್ಟಿಗೆ ಜೋಡಿಸುವ ವಿಧಾನ

ಪೆಟ್ಟಿಗೆಯ ಮೂಲೆಗಳೇ ಅದರ ದುರ್ಬಲ ಭಾಗ. ಕೋಣೆಗಳನ್ನು ಬೇರ್ಪಡಿಸುವಾಗ ಉಳಿಯನ್ನು ಹೋಲುವ ಮೀಟುಸಾಧನವನ್ನು ಮೂಲೆಯಲ್ಲೇ ತೂರಿಸಲಾಗುತ್ತದೆ. ಕೈಬೆರಳುಗಳನ್ನು ಪರಸ್ಪರ ಹೆಣೆದಂತಿರುವ ಬೆರಳು ಜೋಡಣೆ ಅತಿ ಗಟ್ಟಿಯಾದದ್ದು. ಸರಳ ಗರಗಸ ಮಾತ್ರವಿರುವವರು ಹಲಗೆಯ ತುದಿಯಲ್ಲಿ ಮೆಟ್ಟಿಲಿನಂತೆ ಕಚ್ಚು ತೆಗೆದು ಜೋಡಿಸುತ್ತಾರೆ. ನೀರು ತಡೆಯುವ ಅಂಟು ಹಚ್ಚಿ, ಒಂದರ ಎಳೆತವನ್ನು ಇನ್ನೊಂದು ತಡೆಯುವಂತೆ ಎರಡು ದಿಕ್ಕುಗಳಿಂದಲೂ ಮೊಳೆ ಹೊಡೆಯಲಾಗುತ್ತದೆ. ಅಂಟು ಒಣಗುವ ಮುನ್ನ ಕರ್ಣಗಳನ್ನು ಅಳೆಯಬೇಕು. ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯ ಹೊರಮೈಯ ಎರಡೂ ಕರ್ಣಗಳು 652 ಮಿ.ಮೀ. ಇದ್ದರೆ ಮೂಲೆಗಳು ನೇರವಾಗಿವೆ. ಸಮತಟ್ಟಾದ ಮೇಜಿನ ಮೇಲೆ ಇಟ್ಟಾಗ ಪೆಟ್ಟಿಗೆ ತೂಗಾಡಿದರೆ ಅದು ತಿರುಚಿಕೊಂಡಿದೆಯೆಂದೇ ಅರ್ಥ, ಮತ್ತು ಆ ಸಂದಿನಿಂದ ಬೇಸಿಗೆಯಿಡೀ ಕಳ್ಳನೊಣಗಳು ಜೇನು ಕದಿಯಲು ಯತ್ನಿಸುತ್ತವೆ. ಬಿಸಿಯಿಲ್ಲದ ಕೊಟ್ಟಿಗೆಯಲ್ಲಿ ಮರದ ಅಂಟು ಸರಿಯಾಗಿ ಹಿಡಿಯುವುದಿಲ್ಲವೆಂಬುದನ್ನು ಚಳಿದೇಶಗಳಲ್ಲಿ ಮರೆಯುವಂತಿಲ್ಲ.

ಬಣ್ಣವನ್ನು ಹೊರಮೈಗೆ ಮಾತ್ರ ಹಚ್ಚಲಾಗುತ್ತದೆ. ಒಳಮೈಯನ್ನು ನೊಣಗಳೇ ಪ್ರೊಪೊಲಿಸ್‌ನಿಂದ ಲೇಪಿಸಿಕೊಳ್ಳುತ್ತವೆ. ಕೆಂಪು ಸೀಡರ್ ಮರಕ್ಕೆ ಬಣ್ಣವೇ ಬೇಕಿಲ್ಲ. ಕೀಟನಾಶಕ ಬೆರೆತ ಮರರಕ್ಷಕಗಳನ್ನೂ, ಆರ್ಸೆನಿಕ್‌ಯುಕ್ತ ರಾಸಾಯನಿಕ ತುಂಬಿದ ಮರವನ್ನೂ ಬಳಸಕೂಡದು. ಅಕ್ಕಪಕ್ಕದ ಪೆಟ್ಟಿಗೆಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟರೆ ನೊಣಗಳು ದಾರಿ ತಪ್ಪಿ ಬೇರೆ ಗೂಡಿಗೆ ಹೋಗುವುದು ಕಡಿಮೆಯಾಗುತ್ತದೆ. ಆದರೆ ಕಾರ್ಲ್ ಫಾನ್ ಫ್ರಿಶ್ ತೋರಿಸಿದಂತೆ ಜೇನ್ನೊಣಕ್ಕೆ ಕೆಂಪು ಬಣ್ಣ ಕಾಣುವುದಿಲ್ಲವಾದ್ದರಿಂದ ನೀಲಿ, ಹಳದಿ, ಬಿಳಿಗಳ ಆಯ್ಕೆ ಸೂಕ್ತ. ಸ್ಲೊವೇನಿಯಾದಲ್ಲಿ ಪೆಟ್ಟಿಗೆಯ ಮುಂಭಾಗದ ಹಲಗೆಗೆ ಜನಪದ ಚಿತ್ರ ಬರೆಯುವ ಸಂಪ್ರದಾಯ ಹದಿನೆಂಟನೆಯ ಶತಮಾನದಷ್ಟು ಹಳೆಯದು.

ಚೌಕಟ್ಟು ಮತ್ತು ಮೇಣದ ಹಾಳೆ

ಚೌಕಟ್ಟುಗಳನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸುವುದೇ ಹೆಚ್ಚು. ಒಂದೊಂದಾಗಿ ಮಾಡುವ ಬದಲು ಹತ್ತು ಚೌಕಟ್ಟುಗಳನ್ನು ಒಟ್ಟಿಗೆ ಬಿಗಿಹಿಡಿಯುವ ಒಂದು ಅಚ್ಚುಪೆಟ್ಟಿಗೆಯನ್ನು ಮೊದಲು ಕಟ್ಟಿಕೊಂಡರೆ ವೇಗವೂ ಏಕರೂಪತೆಯೂ ಬರುತ್ತದೆ. ಜೇನು ತುಂಬಿದ ದೊಡ್ಡ ಚೌಕಟ್ಟು ಸುಮಾರು ಮೂರು ಕಿಲೋಗ್ರಾಂ ತೂಗುತ್ತದೆ, ಆ ಭಾರವೆಲ್ಲ ಮೇಲ್ಪಟ್ಟಿಯ ಎರಡು ಕಿವಿಗಳಿಂದ ತೂಗುತ್ತದೆ. ಆದ್ದರಿಂದ ಮೇಲಿನಿಂದ ಹೊಡೆದ ಮೊಳೆಯಷ್ಟೇ ಸಾಲದು. ಪಕ್ಕಪಟ್ಟಿಯ ಮೂಲಕ ಮೇಲ್ಪಟ್ಟಿಯೊಳಗೆ ಅಡ್ಡಲಾಗಿ ಹೊಡೆದ ಮೊಳೆ ಇಲ್ಲದಿದ್ದರೆ, ಎತ್ತುವಾಗ ಮೇಲ್ಪಟ್ಟಿ ಮಾತ್ರ ಕೈಗೆ ಬಂದು ಉಳಿದದ್ದು ಪೆಟ್ಟಿಗೆಯಲ್ಲೇ ಉಳಿಯುವ ಪ್ರಸಂಗ ಬರುತ್ತದೆ.

ಮೇಣದ ಹಾಳೆ ಕೂರಿಸುವುದನ್ನು ಮಾತ್ರ ಚಳಿಗಾಲದ ಕೊನೆಗೆ ಬಿಡಲಾಗುತ್ತದೆ. ಷಡ್ಭುಜಾಕಾರದ ಕಣಗಳ ಗುರುತನ್ನು ಒತ್ತಿದ ಈ ತೆಳು ಹಾಳೆ ಚಳಿಯಲ್ಲಿ ಗಾಜಿನಂತೆ ಒಡೆಯುತ್ತದೆ. ಬೇಗ ಕೂರಿಸಿಟ್ಟರೆ ಬಾಗುತ್ತದೆ, ಹಳತಾದರೆ ಮೇಲೆ ಬಿಳಿ ಹುಡಿ ಮೂಡಿ ವಾಸನೆ ಕಳೆದುಕೊಂಡು ನೊಣಗಳಿಗೆ ರುಚಿಸುವುದಿಲ್ಲ. ಬಿಸಿಗಾಳಿ ತಾಗಿಸಿದರೆ ಹುಡಿ ಕರಗಿ ಹಾಳೆ ಮತ್ತೆ ಮೃದುವಾಗುತ್ತದೆ. ಹಾಳೆಗೆ ಆಧಾರವಾಗಿ ಚೌಕಟ್ಟಿನಲ್ಲಿ ಬಿಗಿದ ತಂತಿಗೆ 12 ವೋಲ್ಟ್‌ನ ವಿದ್ಯುತ್ತನ್ನು ಕೆಲವೇ ಸೆಕೆಂಡು ಹಾಯಿಸಿದರೆ ತಂತಿ ಕಾದು ಮೇಣದೊಳಗೆ ಇಳಿಯುತ್ತದೆ. ಒಂದೆರಡು ಸೆಕೆಂಡು ಹೆಚ್ಚಾದರೆ ಹಾಳೆ ಪಟ್ಟಿಪಟ್ಟಿಯಾಗಿ ಕತ್ತರಿಸಿಹೋಗುತ್ತದೆ.

ಹಳೆಯ ಸಲಕರಣೆ ಮತ್ತು ರೋಗ

ಹೊಸ ಪೆಟ್ಟಿಗೆ ಕಟ್ಟುವುದಕ್ಕಿಂತ ಹಳೆಯದನ್ನು ಮತ್ತೆ ಬಳಕೆಗೆ ತರುವುದು ಹೆಚ್ಚು ಹೊಣೆಯ ಕೆಲಸ. ಕೆರೆಯುವ ಕೆಲಸಕ್ಕೆ ಚಳಿ ಅನುಕೂಲಕರ. ಬೇಸಿಗೆಯಲ್ಲಿ ಬೆಲ್ಲದ ಪಾಕದಂತೆ ಎಳೆಯುವ ಪ್ರೊಪೊಲಿಸ್ ಶೀತದಲ್ಲಿ ಗರಿಗರಿಯಾಗಿ ಚಕ್ಕೆ ಏಳುತ್ತದೆ. ಕೆರೆದ ಚೂರುಗಳನ್ನು ಜೇನುತೋಟದಲ್ಲಿ ಚೆಲ್ಲದೆ ಸುಡಬೇಕು.

ಎಲ್ಲಕ್ಕಿಂತ ಭಯಪಡಬೇಕಾದುದು ಅಮೆರಿಕನ್ ಫೌಲ್‌ಬ್ರೂಡ್ ಎಂಬ ಮರಿಕೊಳೆ ರೋಗ. ಇದಕ್ಕೆ ಕಾರಣವಾದ ಪೇನಿಬ್ಯಾಸಿಲಸ್ ಲಾರ್ವೇ ಬ್ಯಾಕ್ಟೀರಿಯಾದ ಬೀಜಾಣುಗಳು ಒಣಗಿದ ಎರಿಯಲ್ಲೂ ಮರದ ಬಿರುಕಿನಲ್ಲೂ 35 ವರ್ಷಗಳಿಗೂ ಮೀರಿ ಜೀವಂತವಾಗಿರಬಲ್ಲವು. ಪ್ರತಿಜೀವಕ ಔಷಧಿಗಳು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆಯೇ ಹೊರತು ಬೀಜಾಣುವನ್ನಲ್ಲ. ನೀರಿನ ಕುದಿಯುವ ಶಾಖವೂ ಅದಕ್ಕೆ ಸಾಲದು. ಯಾರದೋ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ, ಅಗ್ಗಕ್ಕೋ ಪುಕ್ಕಟೆಯಾಗಿಯೋ ದೊರೆತ ಪೆಟ್ಟಿಗೆಗಳಿಂದ ರೋಗ ಹೊಸ ಜೇನುತೋಟಕ್ಕೆ ಹರಡುವುದು ಹೀಗೆ. ಹಿಂದಿನ ಕುಟುಂಬ ಏಕೆ ಸತ್ತಿತೆಂಬುದು ತಿಳಿಯದ ಪೆಟ್ಟಿಗೆಯನ್ನು ಸೋಂಕಿನ ಪೆಟ್ಟಿಗೆಯೆಂದೇ ಪರಿಗಣಿಸುವುದು ಕ್ಷೇಮ. ಅಂತಹ ಎರಿ ಮತ್ತು ಚೌಕಟ್ಟುಗಳನ್ನು ಸುಡಲಾಗುತ್ತದೆ. ಪೆಟ್ಟಿಗೆಯ ಒಳಮೈಯನ್ನು ಕೆರೆದು, ಮೂಲೆ ಸಂದುಗಳೂ ಸೇರಿದಂತೆ ಮರ ಕಾಫಿಬಣ್ಣಕ್ಕೆ ತಿರುಗುವವರೆಗೆ ಅನಿಲ ಜ್ವಾಲೆಯಿಂದ ಕಮರಿಸಲಾಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 160 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಪ್ಯಾರಫಿನ್ ಮೇಣದಲ್ಲಿ ಹತ್ತು ನಿಮಿಷ ಮುಳುಗಿಸುವ ವಿಧಾನವೂ ಇದ್ದು, ಅದು ಮರವನ್ನು ನೀರಿನಿಂದಲೂ ರಕ್ಷಿಸುತ್ತದೆ. ಬ್ರಿಟನ್ನಿನಲ್ಲಿ ಈ ರೋಗ ಕಂಡುಬಂದರೆ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ರೋಗ ಖಚಿತವಾದ ಕುಟುಂಬವನ್ನು ನಾಶಪಡಿಸಲಾಗುತ್ತದೆ.

ನೊಸೀಮಾ ಎಂಬ ಕರುಳುರೋಗದ ಬೀಜಾಣುಗಳಿಗೆ ಶೇ. 80ರ ಅಸೆಟಿಕ್ ಆಮ್ಲದ ಆವಿ ಪರಿಣಾಮಕಾರಿ. ಪ್ರತಿ ಸಂಸಾರ ಕೋಣೆಗೆ ಸುಮಾರು 120 ಮಿಲಿಲೀಟರ್ ಆಮ್ಲವನ್ನು ಹೀರುಬಟ್ಟೆಯಲ್ಲಿ ಇಟ್ಟು, ಖಾಲಿ ಎರಿಗಳಿರುವ ಕೋಣೆಗಳನ್ನು ಒಂದರ ಮೇಲೊಂದಿರಿಸಿ, ಒಂದು ವಾರ ಮುಚ್ಚಿಡಲಾಗುತ್ತದೆ. ಈ ಆಮ್ಲ ಲೋಹವನ್ನೂ ಕಾಂಕ್ರೀಟ್ ನೆಲವನ್ನೂ ತಿನ್ನುವುದಲ್ಲದೆ ಚರ್ಮವನ್ನು ಸುಡುವುದರಿಂದ ಕೈಗವಸು, ಕನ್ನಡಕಗಳಿಲ್ಲದೆ ಮುಟ್ಟುವಂತಿಲ್ಲ. ಪ್ಲಾಸ್ಟಿಕ್ ಮತ್ತು ಲೋಹದ ಭಾಗಗಳನ್ನು ಐದು ಲೀಟರ್ ನೀರಿಗೆ ಒಂದು ಕಿಲೋಗ್ರಾಂ ವಾಷಿಂಗ್ ಸೋಡಾ ಬೆರೆಸಿದ ದ್ರಾವಣದಲ್ಲಿ ಉಜ್ಜಿ ತೊಳೆಯಲಾಗುತ್ತದೆ.

ಎರಿ ಮತ್ತು ಮೇಣದ ರಕ್ಷಣೆ

ನೊಣಗಳು ಒಂದು ಕಿಲೋಗ್ರಾಂ ಮೇಣ ಸ್ರವಿಸಲು ಹಲವು ಕಿಲೋಗ್ರಾಂ ಜೇನನ್ನು ವ್ಯಯಿಸುತ್ತವೆ. ಆದುದರಿಂದ ಕಟ್ಟಿ ಮುಗಿದ ಎರಿ ಜೇನು ಕೃಷಿಕನ ಆಸ್ತಿ. ಅದರ ಮುಖ್ಯ ಶತ್ರು ಮೇಣದ ಪತಂಗ. ಎರಿಯ ಉಷ್ಣತೆಯನ್ನು ಮೈನಸ್ 7 ಡಿಗ್ರಿಯಲ್ಲಿ ನಾಲ್ಕೂವರೆ ಗಂಟೆ, ಅಥವಾ ಮೈನಸ್ 15 ಡಿಗ್ರಿಯಲ್ಲಿ ಎರಡು ಗಂಟೆ ಹಿಡಿದಿಟ್ಟರೆ ಪತಂಗದ ಮೊಟ್ಟೆಯೂ ಸಾಯುತ್ತದೆ. ಚಳಿದೇಶಗಳಲ್ಲಿ ಪೆಟ್ಟಿಗೆಗಳನ್ನು ಇಲಿ ನುಗ್ಗದಂತೆ ಬಲೆ ಬಿಗಿದು ಹೊರಗಿಟ್ಟರೆ ಹವಾಮಾನವೇ ಈ ಕೆಲಸ ಮಾಡಿಕೊಡುತ್ತದೆ. ಕಪ್ಪಾದ, ಹಲವು ತಲೆಮಾರಿನ ಮರಿಪೊರೆಗಳು ಅಂಟಿಕೊಂಡ ಸಂಸಾರ ಕೋಣೆಯ ಎರಿಗಳನ್ನು ಮೂರು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ಸಾಮಾನ್ಯ ಸಲಹೆ.

ತೆಗೆದ ಎರಿಯನ್ನು ಬಟ್ಟೆಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ಅದ್ದಿದರೆ ಮೇಣ ಮೇಲೆ ತೇಲುತ್ತದೆ. ಮೇಣ 62ರಿಂದ 64 ಡಿಗ್ರಿಯಲ್ಲಿ ಕರಗುತ್ತದೆ, 85 ಡಿಗ್ರಿ ಮೀರಿದರೆ ಬಣ್ಣಗೆಡುತ್ತದೆ. ಗಡಸು ನೀರಿಗಿಂತ ಮಳೆನೀರು ಉತ್ತಮ. ಕಬ್ಬಿಣ ಮತ್ತು ತಾಮ್ರದ ಪಾತ್ರೆಗಳು ಮೇಣದ ಬಣ್ಣ ಕೆಡಿಸುತ್ತವೆ. ನೇರ ಉರಿಯ ಮೇಲೆ ಮೇಣವನ್ನು ಕಾಯಿಸುವುದು ಬೆಂಕಿ ಅನಾಹುತಕ್ಕೆ ಆಹ್ವಾನ.

ಇತರ ಕೆಲಸಗಳು

ರಾಣಿತಡೆ ಜಾಲರಿಯ ಕಂಡಿಗಳು ಸುಮಾರು 4.2 ಮಿ.ಮೀ. ಅಗಲವಿದ್ದು, ಒಂದು ತಂತಿ ಬಾಗಿದರೂ ರಾಣಿ ಜೇನುಕೋಣೆಗೆ ನುಸುಳಿ ಅಲ್ಲಿ ಮೊಟ್ಟೆಯಿಡುತ್ತದೆ. ಹೊಗೆತಿದಿಯ ಮಸಿ ಕೆರೆಯುವುದು, ತಿದಿಯ ಚರ್ಮ ಬದಲಿಸುವುದು, ಮೀಟುಸಾಧನಕ್ಕೆ ಸಾಣೆ ಹಿಡಿಯುವುದು ಒಂದೆರಡು ಸಂಜೆಯ ಕೆಲಸ. ಮರದ ತಳಹಲಗೆಯ ಮಧ್ಯಭಾಗ ಕತ್ತರಿಸಿ ಮೂರು ಮಿಲಿಮೀಟರ್ ಕಣ್ಣಿನ ಉಕ್ಕಿನ ಜಾಲರಿ ಬಿಗಿಯುವುದು ವರೋವಾ ನುಸಿ ಹರಡಿದ ನಂತರ ಜನಪ್ರಿಯವಾಯಿತು. ಉದುರಿದ ನುಸಿ ಕೆಳಗೆ ಬೀಳುತ್ತದೆ, ಎಣಿಸಲೂ ಬರುತ್ತದೆ. ನುಸಿಯ ನಿಯಂತ್ರಣಕ್ಕೆ ಇದೊಂದೇ ಸಾಲದು.

ಪಾಲು ಹೋದ ನೊಣಗಳನ್ನು ಸೆಳೆಯುವ ಪೆಟ್ಟಿಗೆಯ ತಯಾರಿಯೂ ಚಳಿಗಾಲದ್ದೇ. ಅಮೆರಿಕದ ವಿಜ್ಞಾನಿ ಥಾಮಸ್ ಸೀಲಿ ಕಂಡುಕೊಂಡಂತೆ ಗೂಡು ಹುಡುಕುವ ನೊಣಗಳು ಸುಮಾರು 40 ಲೀಟರ್ ಒಳಗಾತ್ರ, ಕಿರಿದಾದ ಬಾಗಿಲು ಮತ್ತು ನೆಲದಿಂದ ಎತ್ತರದ ಸ್ಥಳವನ್ನು ಇಷ್ಟಪಡುತ್ತವೆ. ಲ್ಯಾಂಗ್‌ಸ್ಟ್ರಾತ್ ಸಂಸಾರ ಕೋಣೆಯ ಒಳಗಾತ್ರ ಸುಮಾರು 43 ಲೀಟರ್ ಆಗುವುದರಿಂದ ಜೇನುತೋಟಕ್ಕೆ ತಕ್ಕಷ್ಟು ನೇರವಿಲ್ಲದ, ಆದರೆ ರೋಗದ ಶಂಕೆಯಿಲ್ಲದ ಹಳೆಯ ಪೆಟ್ಟಿಗೆಯೇ ಇದಕ್ಕೆ ಸಾಕಾಗುತ್ತದೆ.

ದಕ್ಷಿಣ ಭಾರತದಲ್ಲಿ

ಕರ್ನಾಟಕದ ಕೊಡಗು, ಮಲೆನಾಡು ಮತ್ತು ಕರಾವಳಿಯ ತುಡುವೆ ಜೇನು ಸಾಕಣೆಯಲ್ಲಿ ಇಂತಹ ಬಿಡುವು ಬರುವುದು ಚಳಿಗಾಲದಲ್ಲಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಹೂವಿನ ಅಭಾವವಾಗಿ ಕುಟುಂಬಗಳು ಕ್ಷೀಣಿಸುತ್ತವೆ. ಪೆಟ್ಟಿಗೆಯ ಕೆಲಸಕ್ಕೆ ಒದಗುವ ಕಾಲ ಅದು. ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ದಕ್ಷಿಣ ಭಾರತದ ಹಳ್ಳಿಗರಿಗೆ ತರಬೇತಿ ನೀಡಿದ ಪಾದ್ರಿ ನ್ಯೂಟನ್ ಅವರ ಹೆಸರಿನ ಚಿಕ್ಕ ಪೆಟ್ಟಿಗೆ. ತುಡುವೆ ನೊಣದ ದೇಹ ಸಣ್ಣದು. ಎರಿಗಳ ನಡುವಿನ ಅಂತರವೂ ಕಣದ ಅಗಲವೂ ಕಡಿಮೆಯಿರುವುದರಿಂದ ಯುರೋಪಿಯನ್ ಮೆಲ್ಲಿಫೆರಾ ನೊಣಕ್ಕಾಗಿ ಮಾಡಿದ ಮೇಣದ ಹಾಳೆ ಮತ್ತು ಚೌಕಟ್ಟಿನ ಅಳತೆಗಳು ಇದಕ್ಕೆ ಹೊಂದುವುದಿಲ್ಲ.

ತುಡುವೆ ನೊಣ ಪ್ರೊಪೊಲಿಸ್ ಬಳಸುವುದಿಲ್ಲವೆಂಬುದು ಬಡಗಿಗೆ ಇನ್ನೂ ಮುಖ್ಯವಾದ ವ್ಯತ್ಯಾಸ. ಮೆಲ್ಲಿಫೆರಾ ನೊಣಗಳಾದರೆ ಪೆಟ್ಟಿಗೆಯ ಸಣ್ಣ ಬಿರುಕನ್ನು ತಾವೇ ಮೆತ್ತಿಕೊಳ್ಳುತ್ತವೆ. ತುಡುವೆ ಪೆಟ್ಟಿಗೆಯಲ್ಲಿ ಅದು ಬಿರುಕಾಗಿಯೇ ಉಳಿದು ಮೇಣದ ಪತಂಗ ಮೊಟ್ಟೆಯಿಡುವ ತಾಣವಾಗುತ್ತದೆ. ಕಾಟ ಹೆಚ್ಚಾದರೆ ಇಡೀ ಕುಟುಂಬವೇ ಪೆಟ್ಟಿಗೆ ಬಿಟ್ಟು ಹಾರಿಹೋಗುವುದು ಈ ಜಾತಿಯ ಸ್ವಭಾವ. ಪತಂಗವನ್ನು ಕೊಲ್ಲುವಷ್ಟು ಚಳಿಯೂ ಇಲ್ಲಿಲ್ಲದ ಕಾರಣ, ಮಳೆಗಾಲದಲ್ಲಿ ತಳಹಲಗೆಯ ಕಸವನ್ನು ಆಗಾಗ ಗುಡಿಸುವುದು, ನೊಣಗಳು ಆವರಿಸದ ಹೆಚ್ಚುವರಿ ಎರಿಗಳನ್ನು ತೆಗೆಯುವುದು, ಮೂಲೆಗಳನ್ನು ಬಿಗಿಗೊಳಿಸುವುದು ಮತ್ತು ಇರುವೆ ಹತ್ತದಂತೆ ಕಾಲುಗಳ ಕೆಳಗಿನ ನೀರಿನ ಬಟ್ಟಲುಗಳನ್ನು ತುಂಬಿಡುವುದು ಇಲ್ಲಿನ ಮುಖ್ಯ ಕೆಲಸಗಳಾಗಿವೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಬಲಿತೆಗೆದುಕೊಂಡಿತು.